ಕೋರೆಹಲ್ಲಿನ ಮೃಗ ಸಿಕ್ಕಿದ್ದು ಯಾರಿಗೆ

ಮ್ಯೂಸಿಯಂನ ಹಿಂದಿನ ಕೋಣೆಯಲ್ಲಿ ಸೊಸೆಯ ಕೆಲಸ. ಸೂಜಿ, ಬ್ರಷ್ಷು ಹಿಡಿದು ಹಳೇ ಮೂಳೆಗಳಿಗೆ ಅಂಟಿದ ಗಟ್ಟಿಮಣ್ಣು ಬಿಡಿಸುವುದು, ಒಡೆದ ಚೂರುಗಳನ್ನು ಜೋಡಿಸಿ ಅಂಟಿಸುವುದು. ಆ ವರ್ಷ ಅವಳ ಮೇಜಿನ ಮೇಲಿದ್ದದ್ದು ಭೂಮಿಯ ಮೇಲಿಂದ ಎಂದೋ ಅಳಿದುಹೋದ ಬೇಟೆಪ್ರಾಣಿಯೊಂದರ ತಲೆಬುರುಡೆ. ಹುಲಿಯಷ್ಟು ದೊಡ್ಡ ಬೆಕ್ಕಿನ ಜಾತಿ. ಮೇಲ್ದವಡೆಯಿಂದ ಕತ್ತಿಯ ಹಾಗೆ ಇಳಿಬಿದ್ದ ಎರಡು ಕೋರೆಹಲ್ಲು.

ಮಾವ ನಿವೃತ್ತ ಬಸ್ ಡ್ರೈವರ್. ಟೀ ಅಂಗಡಿಯಲ್ಲಿ ಗೆಳೆಯರು ಸೇರಿದರೆ ಅವರ ಬಾಯಿಗೆ ಬ್ರೇಕಿಲ್ಲ. "ಆ ಮೃಗ ಕಂಡುಹಿಡಿದವಳು ನಮ್ಮ ಸೊಸೆ" ಅಂತ ಶುರುಮಾಡಿದರು. ಅದು ಕಿವಿಗೆ ಬಿದ್ದಾಗ ಅವಳು ನಕ್ಕಳು. ಆಮೇಲೆ ಬೀದಿಯವರು ನಿಲ್ಲಿಸಿ ಮಾತಾಡಿಸತೊಡಗಿದರು. ಒಳಗೊಳಗೇ ಹಿತವಾಯಿತು. ಅಲ್ಲ ಅನ್ನಲು ನಾಲಿಗೆ ಏಳಲಿಲ್ಲ.

ಬುರುಡೆಯ ಪ್ರದರ್ಶನ ಶುರುವಾದ ದಿನ ಮಾವ ಗೆಳೆಯರ ದಂಡು ಕಟ್ಟಿಕೊಂಡೇ ಬಂದರು. ಗಾಜಿನ ಪೆಟ್ಟಿಗೆಯ ಪಕ್ಕ ಇಟ್ಟಿಗೆ ಗೂಡಿನ ಹೆಂಗಸೊಬ್ಬಳು ನಿಂತಿದ್ದಳು. ಮಣ್ಣು ಅಗೆಯುವಾಗ ಬುರುಡೆ ಕಂಡು, ಮೇಸ್ತ್ರಿಯ ಬೈಗುಳ ತಿಂದರೂ ಗುದ್ದಲಿ ಬದಿಗಿಟ್ಟು, ಮ್ಯೂಸಿಯಂಗೆ ಹೇಳಿಕಳಿಸಿದ್ದವಳು ಅವಳೇ. ಮಾವನಿಗೇನು ಗೊತ್ತು?

"ನೋಡಮ್ಮಾ, ಇದನ್ನ ನೆಲದಿಂದ ತೆಗೆದವಳು ನಮ್ಮ ಸೊಸೆ!"

ಹೆಂಗಸು ಸೊಸೆಯ ಮುಖ ನೋಡಿದಳು. "ಹೌದಾ" ಅಂದು ಹಿಂದೆ ಸರಿದು ಜಾಗ ಬಿಟ್ಟಳು.

ಸೊಸೆಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಅಲ್ಲ ಮಾವ. ಸಿಕ್ಕಿದ್ದು ಇವರಿಗೆ. ನಾನು ಬರೀ ಅಂಟಿಸಿದವಳು."

ಗೆಳೆಯರಲ್ಲೊಬ್ಬ ಕೆಮ್ಮಿದ, ಇನ್ನೊಬ್ಬ ಕಿಸಕ್ಕನೆ ನಕ್ಕ. ಮಾವ ಆ ಹೆಂಗಸಿಗೆ "ತಪ್ಪಾಯ್ತಮ್ಮಾ" ಅಂದು ತಲೆ ತಗ್ಗಿಸಿದರು. ಸೊಸೆಯ ಕಡೆ ತಿರುಗಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುತ್ತಾ ಕೇಳಿದರು: "ನಾನು ಹೇಳ್ಕೊಂಡು ತಿರುಗ್ತಿದ್ದದ್ದು ಗೊತ್ತಿದ್ದೂ ಸುಮ್ಮನಿದ್ದೆಯಾ?"

"ಹೂಂ ಮಾವ. ಕೇಳೋಕೆ ಚೆನ್ನಾಗಿತ್ತು."

ಮಾವ ಟೀ ಅಂಗಡಿಯ ಕಡೆ ಹೋಗುವುದನ್ನೇ ಬಿಟ್ಟರು. ಪೇಪರ್ ತರುವುದಕ್ಕೂ ಹಿಂದಿನ ಬೀದಿ ಸುತ್ತಿ ಹೋಗುತ್ತಿದ್ದರು. ನೋಡಲಾರದೆ ಒಂದು ಬೆಳಿಗ್ಗೆ ಅವಳೇ ಅಂಗಡಿಗೆ ಹೋದಳು.

"ಮಾವ ಬೇಕಂತ ಸುಳ್ಳು ಹೇಳಿದ್ದಲ್ಲ. ತಿದ್ದದೆ ಇದ್ದವಳು ನಾನು. ನಗೋದಾದ್ರೆ ನನ್ನನ್ನ ನೋಡಿ ನಗಿ."

ಯಾರೂ ನಗಲಿಲ್ಲ. ಅಂದು ಕೆಮ್ಮಿದ್ದವನು, "ಅವನನ್ನ ಕಳಿಸಮ್ಮಾ, ಇಸ್ಪೀಟಿಗೆ ಜನ ಸಾಲ್ತಿಲ್ಲ" ಅಂದ.

ಮಾವ ಮತ್ತೆ ಹೋಗತೊಡಗಿದರು. ಆದರೆ ಊಟಕ್ಕೆ ಕೂತಾಗ ದಿನವೂ "ಇವತ್ತು ನಿನ್ನ ಮೃಗ ಏನಂತಮ್ಮಾ?" ಎಂದು ಕೇಳುತ್ತಿದ್ದವರು ಈಗ ಕೇಳುವುದಿಲ್ಲ. ತಾನಾಗಿಯೇ ಹೇಳೋಣವೆಂದು ಅವಳು ತಲೆ ಎತ್ತುತ್ತಾಳೆ. ಆಮೇಲೆ ನೀರಿನ ಲೋಟ ಅವರತ್ತ ಸರಿಸುತ್ತಾಳೆ.