ಬೆರಳಗಲದ ಎಡೆ

ಪುತ್ತೂರಿನ ಹೊಸ ರಂಗಮಂದಿರದಲ್ಲಿ ಪ್ರೇಕ್ಷಕರ ಬೆನ್ನ ಹಿಂದಿನ ಗೋಡೆಗೆ ಮರ ಹೊದಿಸಿದವರು ಕುಂಬ್ರದ ಅಬೂಬಕರ್ ಕಾಕ. ಮೂವತ್ತೈದು ವರ್ಷ ಮನೆಗಳಿಗೆ ಬಾಗಿಲು, ಮರದ ಮುಚ್ಚಿಗೆ ಮಾಡಿದ ಕೈ. ಅವರು ಕೂಡಿಸಿದ ಹಲಗೆಗಳ ನಡುವೆ ಇರುವೆಗೂ ದಾರಿಯಿಲ್ಲ ಎಂಬುದು ಊರ ಮಾತು. ಸೈಟ್ ಎಂಜಿನಿಯರಾಗಿ ಅವರನ್ನು ಕರೆಸಿದವಳು ನಾನೇ.

ನಕ್ಷೆಯ ಪ್ರಕಾರ ಹಲಗೆಗೂ ಹಲಗೆಗೂ ನಡುವೆ ಒಂದು ಬೆರಳಿನ ಎಡೆ ಬೇಕು. ಎಡೆಯ ಹಿಂದೆ ಕಪ್ಪು ಬಟ್ಟೆ, ಅದರ ಹಿಂದೆ ಉಣ್ಣೆಯಂಥ ಹಾಸು. ವೇದಿಕೆಯಿಂದ ಬಂದ ಮಾತು ಅಲ್ಲಿ ಅಡಗಬೇಕು, ವಾಪಸು ಬರಬಾರದು. ಇಷ್ಟು ವಿವರಿಸಿ ಬಂದ ಮರುದಿನವೇ ನನ್ನ ಮಗಳು ತೃಷಾಗೆ ಜ್ವರ. ಮೂರು ದಿನ ಮಗುವನ್ನು ಎದೆಗೊರಗಿಸಿಕೊಂಡು ಮನೆಯಲ್ಲೇ ಇದ್ದೆ.

ನಾಲ್ಕನೆಯ ದಿನ ಹೋಗಿ ನೋಡಿದರೆ ಗೋಡೆ ಕನ್ನಡಿಯಂತಿತ್ತು. ಒಂದೇ ಒಂದು ಎಡೆ ಇಲ್ಲ. ಹಲಗೆ ಸಾಲದೆ ಹೋದಲ್ಲಿ ಬೇರೆ ಮರ ಸೀಳಿ ತುಂಬಿಸಿದ್ದರು.

“ಕಾಕ, ಎಡೆ ಎಲ್ಲಿ?”

“ಎಡೆ ಬಿಟ್ರೆ ನೋಡಿದವರು ಎಂತ ಹೇಳುದು? ಅಬೂಬಕರಿಗೆ ವಯಸ್ಸಾಯ್ತು, ಮರ ಕೂಡಿಸ್ಲಿಕ್ಕೆ ಬರುದಿಲ್ಲ ಅಂತ.”

ಉದ್ಘಾಟನೆಗೆ ಒಂಬತ್ತೇ ದಿನ. ಕಂಟ್ರಾಕ್ಟರ್ ರೂಪೇಶ್ ಸಿಡುಕಿದರು: “ಮಂಗಳೂರಿಂದ ಬೇರೆ ಜನ ತರಿಸ್ತೇನೆ. ಇವರು ಮನೆಗೆ ಹೋಗ್ಲಿ.”

ಕಾಕ ಉಳಿಗಳನ್ನು ಚೀಲಕ್ಕೆ ಹಾಕತೊಡಗಿದರು. ಹಾಗೆ ಹೊರಟರೆ ಅಷ್ಟು ವರ್ಷದ ಹೆಸರೂ ಅಲ್ಲಿಗೇ ಮುಗಿಯುತ್ತಿತ್ತು.

“ಹತ್ತು ನಿಮಿಷ ಕೊಡಿ,” ಅಂದೆ. ಕಾಕನನ್ನು ನಡುವಿನ ಸಾಲಿನಲ್ಲಿ ಕೂರಿಸಿ, ವೇದಿಕೆ ಹತ್ತಿ ತೃಷಾಳ ಜ್ವರದ ಕತೆಯನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಒಂದು ಮಾತು ಮುಗಿಯುವ ಮೊದಲೇ ಹಿಂದಿನದು ಗೋಡೆಗೆ ಬಡಿದು ಬಂದು ಅದರ ಮೇಲೆ ಬೀಳುತ್ತಿತ್ತು.

“ಎಂತ ಹೇಳಿದ್ದು ಮಾರಾಯ್ತಿ? ಮಗುವಿಗೆ ಕಡಿಮೆ ಆಯ್ತಾ, ಇಲ್ವಾ?”

“ಅದನ್ನೇ ಹೇಳಿದ್ದು ಕಾಕ. ನಿಮ್ಮ ಗೋಡೆ ಕೇಳ್ಲಿಕ್ಕೆ ಬಿಡುದಿಲ್ಲ.”

ಅವರು ಎದ್ದು ಗೋಡೆಯ ಹತ್ತಿರ ಹೋಗಿ ಹಲಗೆಯೊಂದನ್ನು ಬೆರಳಿನಿಂದ ತಟ್ಟಿದರು. ಆಮೇಲೆ ರೂಪೇಶರಿಗೆ, “ಕೂಡಿಸಿದ್ದು ನಾನು, ಬಿಚ್ಚುದು ಸಹ ನಾನೇ. ಆರು ದಿನ ಸಾಕು,” ಎಂದರು.

ಒಂದೊಂದೇ ಹಲಗೆ ಬಿಚ್ಚಿ, ಎಡೆಯ ಅಳತೆಗೆಂದು ನಡುವೆ ಬೆರಳಗಲದ ಮರದ ತುಂಡು ಇಟ್ಟು ಮತ್ತೆ ಕೂರಿಸಿ, ಆಮೇಲೆ ತುಂಡನ್ನು ತೆಗೆದರು. ಆರನೆಯ ದಿನ ಸಂಜೆಗೆ ಮುಗಿಯಿತು.

ಮೊದಲ ನಾಟಕಕ್ಕೆ ಅವರು ಹೆಂಡತಿ ಪಾತುಮ್ಮನನ್ನು ಕರೆತಂದಿದ್ದರು. ತೃಷಾಳನ್ನು ಮಡಿಲಲ್ಲಿಟ್ಟುಕೊಂಡು ನಾನು ಅವರ ಹಿಂದಿನ ಸಾಲಿನಲ್ಲೇ ಇದ್ದೆ. ಪಾತುಮ್ಮ ತಿರುಗಿ ಗೋಡೆ ನೋಡಿ ಬ್ಯಾರಿ ಭಾಷೆಯಲ್ಲಿ ಕೇಳಿದರು:

“ಇದೆಂತ, ಎಡೆ ಎಡೆ? ಕೆಲಸ ಮುಗೀಲಿಲ್ವಾ?”

“ಅಳೆದು ಬಿಟ್ಟದ್ದು,” ಎಂದರು ಕಾಕ. “ನೀನು ಸುಮ್ನೆ ಕೂತು ಕೇಳು.”