ಕ್ಯಾಸೆಟ್ಟಿನ ಎರಡನೇ ಬದಿ

ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ ಪಕೀರಬ್ಬನಷ್ಟು ಇಂಗ್ಲಿಷ್ ಸಿನಿಮಾ ನೋಡಿದ ಬ್ಯಾರಿ ಇನ್ನೊಬ್ಬನಿರಲಿಲ್ಲ. ಅವನಷ್ಟು ಕಡಿಮೆ ಇಂಗ್ಲಿಷ್ ಬಲ್ಲವನೂ ಇರಲಿಲ್ಲ. ಉಳ್ಳಾಲದಿಂದ ಎಪ್ಪತ್ತೊಂಬತ್ತರಲ್ಲಿ ಬಂದವನು ಇಪ್ಪತ್ತೈದು ವರ್ಷ ಒಂದೇ ವಿಡಿಯೋ ಅಂಗಡಿಯಲ್ಲಿ ದುಡಿದ. ಒಂದು ವಿಸಿಆರ್‌ನಿಂದ ಇನ್ನೊಂದಕ್ಕೆ ಸಿನಿಮಾ ಕಾಪಿ ಮಾಡುವುದು ಅವನ ಕೆಲಸ. ಕಾಪಿ ನೆಟ್ಟಗೆ ಬರುತ್ತಿದೆಯೇ ಎಂದು ಮೊದಲಿನಿಂದ ಕೊನೆಯವರೆಗೆ ಕಣ್ಣಿಟ್ಟು ಕೂರಲೇಬೇಕಿತ್ತು.

ಎಂಬತ್ತರ ದಶಕದಲ್ಲಿ ಹದಿಹರೆಯದ ಗ್ಯಾಂಗುಗಳ ಸಿನಿಮಾಗಳದ್ದೇ ಭರಾಟೆ. ಮುಳ್ಳುಹಂದಿಯ ಹಾಗೆ ಕೂದಲು ನಿಲ್ಲಿಸಿಕೊಂಡು, ಚರ್ಮದ ಜಾಕೀಟಿಗೆ ಪಿನ್ನು ಚುಚ್ಚಿಕೊಂಡ ಹುಡುಗರು ಬೀದಿಬೀದಿ ಓಡುತ್ತಾರೆ, ಹೊಡೆದಾಡುತ್ತಾರೆ. ಓಡುವಾಗ ಬರುವುದು ಗಿಟಾರು ಗೀರಿ ಗಂಟಲು ಹರಿದುಕೊಳ್ಳುವ ಹಾಡು. ಅದೇ ಗ್ಯಾಂಗಿನವನು ಹುಡುಗಿಯ ಕಿಟಕಿಯ ಕೆಳಗೆ ಒಬ್ಬನೇ ನಿಂತರೆ ಕೀಬೋರ್ಡಿನ ತಣ್ಣನೆಯ ಹಾಡು. ಮೊದಲನೆಯದು ಪಂಕ್, ಎರಡನೆಯದು ನ್ಯೂ ವೇವ್ ಎಂದು, ಸಿನಿಮಾ ವಾಪಸು ಕೊಡಲು ಬಂದ ಪಕ್ಕದ ಕ್ಲಿನಿಕ್ಕಿನ ನರ್ಸ್ ಸ್ಟೆಲ್ಲಾ ಹೇಳಿಕೊಟ್ಟಿದ್ದಳು. ಪಕೀರಬ್ಬನ ಮಟ್ಟಿಗೆ ಒಂದು ಜಗಳದ ಹಾಡು, ಇನ್ನೊಂದು ಬೇಜಾರಿನ ಹಾಡು. ಅಷ್ಟು ತಿಳುವಳಿಕೆ ಅವನಿಗೆ ಧಾರಾಳವಾಯಿತು.

ಆಗೆಲ್ಲ ಊರಿಗೆ ಕಾಗದದ ಬದಲು ಮಾತನ್ನೇ ಕ್ಯಾಸೆಟ್ಟಿನಲ್ಲಿ ತುಂಬಿ, ರಜೆಗೆ ಹೊರಟವರ ಕೈಯಲ್ಲಿ ಕಳಿಸುವ ರೂಢಿಯಿತ್ತು. ಹೆಂಡತಿ ಹಬೀಬಾಳಿಗೆ ಓದು ಬಾರದು. ಪಕೀರಬ್ಬ ಟೇಪ್ ರೆಕಾರ್ಡರಿನ ಮುಂದೆ ಕುಳಿತು ಒಂದು ಬದಿ ತುಂಬ, ಅರ್ಧ ಗಂಟೆ, ಅವಳೊಡನೆ ಮಾತಾಡುತ್ತಿದ್ದ. ಮಾರ್ಕೆಟ್ಟಿಗೆ ಯಾವ ಮೀನು ಬಂತು, ರೂಮಿನವರು ಸಾರು ಹೇಗೆ ಕೆಡಿಸಿದರು, ಅವಳ ನೆನಪಾಗಿ ಅನ್ನ ಹೇಗೆ ಗಂಟಲಲ್ಲಿ ಇಳಿಯಲಿಲ್ಲ, ಎಲ್ಲ. ಎಂಬತ್ತನಾಲ್ಕರಲ್ಲಿ ಒಮ್ಮೆ, ಖಾಲಿ ಉಳಿದ ಎರಡನೇ ಬದಿಯಲ್ಲಿ ಆ ಸಿನಿಮಾಗಳ ನಾಲ್ಕು ಹಾಡು ಹಾಕಿ ಕಳಿಸಿದ. ಪಕ್ಕದ ಮನೆಯವರಿಂದ ಬರೆಸಿದ ಹಬೀಬಾಳ ಉತ್ತರ ಬಂತು. ಆರು ವರ್ಷದ ಮಗ ಝಿಯಾದ್ ಹಾಡು ಕೇಳಿ ಮನೆಯಿಡೀ ಕುಣಿದನಂತೆ!

ಪಕೀರಬ್ಬನಿಗೆ ನೆಲವೇ ಕಾಣದಷ್ಟು ಸಂತೋಷ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋದರೆ ತಾಯಿಯ ಹಿಂದೆ ಅಡಗಿಕೊಳ್ಳುವ ಮಗ ಅವನು. ಅವನಿಗೆ ಕೊಡಲು ತನ್ನ ಬಳಿಯೂ ಏನೋ ಇದೆ ಎಂದಾಯಿತು. ಅಂದಿನಿಂದ ಹಾಡುಗಳು ಹೆಚ್ಚಿದವು. ಎರಡನೇ ಬದಿ ಸಾಲದೆ ಮೊದಲನೆಯದಕ್ಕೂ ಕಾಲಿಟ್ಟವು. ಮಾತು ಅರ್ಧ ಗಂಟೆಯಿಂದ ಹತ್ತು ನಿಮಿಷಕ್ಕೆ, ಹತ್ತರಿಂದ ಐದಕ್ಕೆ ಇಳಿಯಿತು. ಸಲಾಂ, ಸೌಖ್ಯ, ಮಗನನ್ನು ಚೆನ್ನಾಗಿ ಓದಿಸು, ಖಲಾಸ್. ಹೆಂಡತಿಯೊಡನೆ ಮುಂದೆ ಎಷ್ಟು ಬೇಕಾದರೂ ಮಾತಾಡಬಹುದು, ಮಗನ ಬಾಲ್ಯ ಕಾದು ನಿಲ್ಲುತ್ತದೆಯೇ ಎಂಬುದು ಅವನ ವಾದ. ಗಂಡಸರ ಬುದ್ಧಿಯೇ ಅಷ್ಟು! ಹಬೀಬಾಳ ಕಾಗದದಲ್ಲಿ ಪ್ರತಿಸಲವೂ ಒಂದೇ ಸಾಲು ಇರುತ್ತಿತ್ತು: ‘ಹಾಡು ಚೆನ್ನಾಗಿತ್ತು, ಇನ್ನೂ ಕಳಿಸಿ.’

ಮನೆಗೆ ಫೋನ್ ಬಂದ ಮೇಲೆ ಕ್ಯಾಸೆಟ್ಟುಗಳು ನಿಂತವು. ಎರಡು ಸಾವಿರದ ಒಂದರಲ್ಲಿ ನಾಲ್ಕೇ ದಿನದ ಜ್ವರಕ್ಕೆ ಹಬೀಬಾ ತೀರಿಕೊಂಡಳು. ಪಕೀರಬ್ಬ ಊರು ಮುಟ್ಟುವಷ್ಟರಲ್ಲಿ ದಫನ ಮುಗಿದಿತ್ತು.

ಮೂರು ವರ್ಷದ ನಂತರ ಝಿಯಾದ್ ಟೆಕ್ನಿಷಿಯನ್ ಆಗಿ ದೋಹಾದ ಹತ್ತಿರದ ಮೆಸಯೀದ್‌ನ ಕಾರ್ಖಾನೆಗೆ ಬಂದ. ಶುಕ್ರವಾರ ಕಂಪೆನಿ ಬಸ್ಸಿನಲ್ಲಿ ತಂದೆಯ ರೂಮಿಗೆ ಬರುವನು. ನಮಾಜು, ಊಟ, ಆಮೇಲೆ ಎರಡು ಮಾತು. “ಡ್ಯೂಟಿ ಹೇಗುಂಟು?” “ಪರವಾಗಿಲ್ಲ.” ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಾದರೂ ಇದಕ್ಕಿಂತ ಹೆಚ್ಚು ಮಾತಾಡಿಯಾರು. ಅಂಗಡಿ ಇನ್ನೆರಡು ತಿಂಗಳಲ್ಲಿ ಮುಚ್ಚುವುದಿತ್ತು, ಪಕೀರಬ್ಬನ ವೀಸಾವೂ ಅದರೊಂದಿಗೇ ಮುಗಿಯುವುದಿತ್ತು. ಅಷ್ಟರೊಳಗೆ ಮಗ ಒಮ್ಮೆಯಾದರೂ ತನ್ನೊಡನೆ ಬಾಯಿಬಿಟ್ಟು ಮಾತಾಡಬೇಕು ಎಂಬ ಒಂದೇ ಆಸೆ ಅವನದು. ಅಂಗಡಿಯ ಹಳೇ ಟೇಪುಗಳನ್ನೆಲ್ಲ ಜಾಲಾಡಿ, ವಾರವಿಡೀ ಕುಳಿತು, ಆ ಹಾಡುಗಳನ್ನು ಹೊಸ ಕ್ಯಾಸೆಟ್ಟಿಗೆ ಇಳಿಸಿದ.

ಶುಕ್ರವಾರ ಊಟವಾದ ಮೇಲೆ ಅದನ್ನು ಹಾಕಿ, ಮಗನ ಮುಖವನ್ನೇ ನೋಡುತ್ತ ಕುಳಿತ. ಗಿಟಾರು ಕಿರುಚಿತು. ಝಿಯಾದ್ ತಲೆ ತಗ್ಗಿಸಿದ.

“ಬಂದ್ ಮಾಡಿ ಬಾಪ.”

“ಎಂತ ಮಾರಾಯ, ನಿನ್ನದೇ ಹಾಡಲ್ವಾ? ಕೇಳಿ ಕುಣೀತಿದ್ದೆ ನೀನು!”

“ಮೊದಲನೇ ಸಲ ಕುಣಿದದ್ದು ಹೌದು. ಆಮೇಲೆ ನಾನು ಕೇಳ್ಲೇ ಇಲ್ಲ. ಕ್ಯಾಸೆಟ್ ಹಾಕಿದ ಕೂಡ್ಲೇ ಆಟಕ್ಕೆ ಓಡ್ತಿದ್ದೆ.”

ಪಕೀರಬ್ಬ ಟೇಪ್ ನಿಲ್ಲಿಸಿದ. “ಮತ್ತೆ ಇನ್ನೂ ಕಳಿಸಿ ಅಂತ ನಿನ್ನ ಉಮ್ಮ ಬರೆಸ್ತಿದ್ದದ್ದು?”

“ಹಾಡು ಬೇಡ ಅಂದ್ರೆ ನೀವು ಕ್ಯಾಸೆಟ್ ಕಳಿಸೋದೇ ನಿಲ್ಲಿಸ್ತೀರೇನೋ ಅಂತ ಉಮ್ಮನಿಗೆ ಹೆದರಿಕೆ. ನಿಮಗೆ ಹೇಳ್ಬೇಡ ಅಂದಿದ್ರು.”

“ಹಾಗಾದ್ರೆ ಈ ಹಾಡನ್ನ ಯಾರೂ ಕೇಳ್ಲಿಲ್ವಾ?”

“ಉಮ್ಮ ಕೇಳಿದ್ರು. ಎರಡೂ ಬದಿ, ಕೊನೇವರೆಗೆ. ಆಟ ಮುಗಿಸಿ ಬಂದು ನಾನು ಬಂದ್ ಮಾಡ್ಲಿಕ್ಕೆ ಹೋದ್ರೆ ಕೈ ಹಿಡೀತಿದ್ರು. ‘ಇರು ಮಗಾ, ಹಾಡು ಮುಗಿದ ಮೇಲೆ ಬಾಪ ಇನ್ನೆಂತಾದ್ರೂ ಮಾತಾಡಿರ್ಬಹುದು’ ಅಂತ.”

ಮಗ ಅವನೊಡನೆ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು. ಪಕೀರಬ್ಬನಿಗೆ ಅದು ಗಮನಕ್ಕೂ ಬರಲಿಲ್ಲ. ತಲೆಬುಡ ತಿಳಿಯದ ಆ ಕಿರುಚಾಟದ ಮುಂದೆ ಕಿವಿಗೊಟ್ಟು ಕುಳಿತ ಹಬೀಬಾ ಕಣ್ಣ ಮುಂದೆ ಬಂದಳು, ದುಃಖ ಒತ್ತರಿಸಿ ಬಂತು. ಉತ್ತರ ಗೊತ್ತಿದ್ದೂ ಮಗನನ್ನು ಕೇಳಿದ.

“ಒಂದರಲ್ಲಾದ್ರೂ ಹಾಡು ಮುಗಿದ ಮೇಲೆ ಮಾತಾಡಿದ್ದೆನಾ ನಾನು?”

“ಇಲ್ಲ ಬಾಪ,” ಎಂದ ಝಿಯಾದ್, ತಂದೆಯ ಕೈ ಹಿಡಿದುಕೊಂಡು.