‘ಹಾಜರಿಲ್ಲ’ ಎಂದು ಬರೆಯುವ ಸುಖ

ನನಗೊಂದು ದೌರ್ಬಲ್ಯ. ಉಂಡ ಮೇಲೆ ನೆರಳು ಸಿಕ್ಕರೆ ಕಣ್ಣು ತಾನೇ ಮುಚ್ಚುತ್ತದೆ. ತಪ್ಪು ನನ್ನದಲ್ಲ, ಸಿರುಗುಪ್ಪದ ಅಕ್ಕಿಯದು ಎಂದು ಹೆಂಡತಿಗೆ ಹೇಳುತ್ತಿರುತ್ತೇನೆ. ಬಳ್ಳಾರಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಪಡಸಾಲೆಯ ತಂಪಿನಲ್ಲೇ ನನ್ನ ಮಣೆ. ಎದುರಿಗೆ ಗುಡ್ಡದ ಕೋಟೆ ಬಿಸಿಲಿನಲ್ಲಿ ಮೆಲ್ಲಗೆ ತೇಲುವಂತೆ ಕಾಣುತ್ತಿತ್ತು.

ಕೆಲಸವೂ ತೂಕಡಿಕೆಗೆ ಹೇಳಿ ಮಾಡಿಸಿದ್ದು. ಜವಾನ ಖಾದರ್ ಬಾಗಿಲಲ್ಲಿ ನಿಂತು ಅರ್ಜಿದಾರರ ಹೆಸರನ್ನು ಮೂರು ಸಲ ಕೂಗುತ್ತಿದ್ದ. ಯಾರೂ ಓಗೊಡದಿದ್ದರೆ ನಾನು ‘ಹಾಜರಿಲ್ಲ’ ಎಂದು ಬರೆಯುತ್ತಿದ್ದೆ. ಮೂರು ವಾಯಿದೆ ಹೀಗಾದರೆ ಅರ್ಜಿ ವಜಾ. ತರ್ಕಶಾಸ್ತ್ರ ಓದಿದವನು ನಾನು. ಶಬ್ದ ಆಕಾಶದ ಗುಣ, ಆಕಾಶ ಎಲ್ಲೆಲ್ಲೂ ಇದೆ, ಆದ್ದರಿಂದ ಕೂಗು ಎಲ್ಲರನ್ನೂ ಮುಟ್ಟುತ್ತದೆ ಎಂದೇ ನಂಬಿದ್ದೆ.

ಒಂದು ಮಧ್ಯಾಹ್ನ ಸುಂಟರಗಾಳಿ ನನ್ನ ಉತ್ತರೀಯವನ್ನು ಎಗರಿಸಿಕೊಂಡು ಹೋಯಿತು. ಅರೆನಿದ್ದೆಯಲ್ಲೇ ಅದರ ಹಿಂದೆ ಓಡಿದೆ. ಅದು ಹೋಗಿ ಬಿದ್ದದ್ದು ಅಂಗಳದಾಚೆಯ ಬೇವಿನ ಮರವನ್ನೂ ದಾಟಿ, ಕೇರಿಯ ಜನ ನಿಲ್ಲುವ ಕಡೆ. ಮರದ ಈಚೆಗೆ ಅವರು ಬರಕೂಡದು ಎಂಬುದು ನಮ್ಮಂಥವರೇ ಮಾಡಿಟ್ಟ ಕಟ್ಟಳೆ.

ಅಲ್ಲೊಬ್ಬ ಮುದುಕಿ ನನ್ನನ್ನು ಕಂಡು ಹಿಂದೆ ಸರಿದಳು.

“ಸ್ವಾಮೇರ, ಕುರುಗೋಡಿನ ಹುಲಿಗೆಮ್ಮ ಅಂತ ಯಾವಾಗ ಕೂಗ್ತಾರ್ರಿ? ಗೌಡ್ರು ನಮ್ಮ ಹೊಲ ಉಳಾಕ ಬಿಡವಲ್ರು. ಎರಡು ಸಲ ನಡಕೊಂಡು ಬಂದು ಹೊಳ್ಳಿ ಹೋದೆ.”

ಆ ಎರಡು ಸಲವೂ ‘ಹಾಜರಿಲ್ಲ’ ಎಂದು ಬರೆದದ್ದು ಈ ಕೈಯೇ. ತಿರುಗಿ ನೋಡಿದರೆ ಬಾಗಿಲಲ್ಲಿ ಖಾದರನ ಬಾಯಿ ತೆರೆದು ಮುಚ್ಚುತ್ತಿತ್ತು, ದನಿ ಮಾತ್ರ ಮರದಾಚೆಗೆ ಮುಟ್ಟಲಿಲ್ಲ. ಪಟ್ಟಿಯಲ್ಲಿ ಈಗ ಅವಳದೇ ಸರದಿ; ಇದೇ ಕೊನೆಯ ವಾಯಿದೆ.

“ಅದಾಳೋ ಖಾದರ್! ಹುಲಿಗೆಮ್ಮ ಇಲ್ಲೇ ಅದಾಳ!” ಎಂದು ಕಿರುಚಿದೆ.

ಕಚೇರಿಗೆ ಕಚೇರಿಯೇ ಎದ್ದು ಬಂತು. ನನ್ನ ಗಂಟಲೇನು ದೊಡ್ಡದಲ್ಲ. ಹೊಲದಲ್ಲಿ ಹಕ್ಕಿ ಓಡಿಸುವ ಅವಳ ದನಿಯೆದುರು ಅದು ಸೊಳ್ಳೆಯ ರಾಗ. ಆದರೆ ನಾನು ಕೂಗಿದರೆ ಜನ ಏನಾಯಿತೆಂದು ಓಡಿ ಬರುತ್ತಾರೆ, ಅವಳು ಕೂಗಿದ್ದರೆ ಹೊರಗೆ ಅಟ್ಟುತ್ತಿದ್ದರು. ಇಷ್ಟು ತಿಳಿಯಲು ನನಗೆ ಒಂದು ಸುಂಟರಗಾಳಿ ಬೇಕಾಯಿತು, ನಾಚಿಕೆಗೇಡು.

ಅರ್ಜಿ ಉಳಿಯಿತು, ಮುಂದೆ ಹೊಲವೂ ಉಳಿಯಿತು. “ಆಚಾರ್ರ, ನಿಮಗ್ಯಾಕ ಬೇಕಿತ್ತು ಈ ಉಸಾಬರಿ?” ಎಂದು ಹಿರಿಯ ಗುಮಾಸ್ತರು ಗೊಣಗಿದರು. ಮರುದಿನ ನಾನು ಮಣೆ, ಪಟ್ಟಿ, ಖಾದರ್ ಸಮೇತ ಬೇವಿನ ಬುಡಕ್ಕೇ ಹೋಗಿ ಕುಳಿತೆ.

ಹೆಸರು ಕೂಗಿಸಿದಾಗ ಪಡಸಾಲೆಯ ಕಂಬಕ್ಕೊರಗಿದ್ದ ಸಾಹುಕಾರರೊಬ್ಬರು ಸಿಡುಕಿದರು: “ಆಚಾರ್ರ, ಇಲ್ಲಿಗೆ ಏನೂ ಕೇಳಸವಲ್ದು!”

“ಹೌದ್ರಿ,” ಎಂದೆ, “ಆ ನೆಳ್ಳಾಗ ಕುಂತ್ರ ನನಗೂ ಕೇಳಸ್ತಿದ್ದಿಲ್ಲ. ಎದ್ದು ಇತ್ತ ಬರ್ರಿ.”